ಕೊನೇ ದೋಣಿ ಎಷ್ಟು ಗಂಟೆಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೇಸಿಗೆ ರಜೆಯದ್ದೇ. ಅದರಲ್ಲೂ ದೋಣಿ, ದ್ವೀಪ, ಟೆಂಟು. ಮಕ್ಕಳೆಲ್ಲ ಒಂದೇ ವಿಡಿಯೊ ನೋಡಿದ್ದಾರೋ ಏನೋ. ಎಲ್ಲಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಉಡುಪಿ ಹತ್ತಿರದ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಅಲ್ಲೇ ಟೆಂಟ್ ಹಾಕಿ ಒಂದು ರಾತ್ರಿ ಇರಬೇಕು ಅಂತ ಮಕ್ಕಳ ಹಟ. ಆಗುತ್ತಾ?
ಗೃಹಿಣಿ, ಕುವೆಂಪುನಗರ, ಮೈಸೂರು

ಹೋಗಬಹುದು, ಮಲಗುವ ಹಾಗಿಲ್ಲ ಕಣ್ರೀ. ಆ ದ್ವೀಪದಲ್ಲಿ ಯಾರೂ ವಾಸ ಇಲ್ಲ, ರಾತ್ರಿ ಉಳಿಯಲು ಬಿಡುವುದೂ ಇಲ್ಲ. ಸಂಜೆ ಕೊನೇ ದೋಣಿಗೆ ಎಲ್ಲರೂ ವಾಪಸ್ಸು ಬರಲೇಬೇಕು. 'ಯಾರಿಗೂ ಕಾಣದ ಹಾಗೆ ಕಲ್ಲಿನ ಹಿಂದೆ ಉಳಿದುಬಿಡೋಣ' ಅನ್ನುವ ಧೈರ್ಯಶಾಲಿಗಳು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು (ನಮ್ಮ ಮನೆಯಲ್ಲಿ ನನ್ನ ಮೈದುನ), ಅವರ ಮಾತು ಕೇಳಬೇಡಿ. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಸುತ್ತ ನೀರು, ಕರೆದರೆ ಬರುವ ದೋಣಿ ಇಲ್ಲ.

ನಾವು ಮಾಡಿದ್ದು ಹೇಳುತ್ತೇನೆ. ರಾತ್ರಿಯನ್ನು ಈಚೆ ದಡಕ್ಕೆ ಇಟ್ಟುಕೊಂಡೆವು, ದ್ವೀಪವನ್ನು ಬೆಳಗಿನ ಮೊದಲ ದೋಣಿಗೆ. ಮಲ್ಪೆಯ ಆಚೀಚೆ ಸಮುದ್ರಕ್ಕೆ ಅಂಟಿಕೊಂಡ ಹೋಮ್‌ಸ್ಟೇಗಳಿವೆ. ಅಂಗಳದಲ್ಲಿ, ತೆಂಗಿನ ಮರದ ಕೆಳಗೆ ಟೆಂಟ್ ಹಾಕಿಕೊಳ್ಳಲು ಬಿಡುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮರದ ಕೆಳಗೆ ಅಂದೆ, ಕಾಯಿ ಬೀಳದ ಕಡೆ ನೋಡಿಕೊಳ್ಳಿ. ಅತ್ತೆಗೆ ಒಂದು ರೂಮು, ನಿಮಗೆಲ್ಲ ಅಂಗಳ, ಬಚ್ಚಲು ಕಕ್ಕಸಿನ ಚಿಂತೆ ಇಲ್ಲ. ಸಾರ್ವಜನಿಕ ಬೀಚಿನಲ್ಲಿ ಸುಮ್ನೆ ಟೆಂಟ್ ಹೊಡೆದು ಮಲಗಲು ಹೋಗಬೇಡಿ. ನಾಯಿಗಳ ಕಾಟ ಒಂದು, ಮಧ್ಯರಾತ್ರಿ ಎಬ್ಬಿಸಿ ಕಳಿಸಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀರಿ?

ಮೈಸೂರಿನಿಂದ ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಮಂಗಳೂರು ಅಂತ ಹೋದರೆ ಮುನ್ನೂರು ಕಿಲೋಮೀಟರ್ ಆಸುಪಾಸು. ಊಟ, ಕಾಫಿ, ಘಾಟಿಯಲ್ಲಿ ಒಬ್ಬರ ವಾಂತಿ ಎಲ್ಲ ಸೇರಿ ಏಳೆಂಟು ಗಂಟೆ ಬೇಕು. ಹಾಗಾಗಿ ಒಂದು ರಾತ್ರಿಯ ಟ್ರಿಪ್ಪು ಅಂದರೂ ಎರಡು ಹಗಲು ಪೂರ್ತಿ ಕೈಯಲ್ಲಿರಲಿ. ಬೆಳಿಗ್ಗೆ ಐದಕ್ಕೆ ಮನೆ ಬಿಡಿ, ಕತ್ತಲಾಗುವ ಮೊದಲೇ ಟೆಂಟ್ ನಿಂತಿರಬೇಕು. ಮೊದಲ ಸಲ ಟೆಂಟನ್ನು ಕತ್ತಲಲ್ಲಿ ಟಾರ್ಚ್ ಹಿಡಿದು ಬಿಚ್ಚಿದ ದಂಪತಿಗಳು ಆಮೇಲೆ ಎರಡು ದಿನ ಮಾತಾಡಿಲ್ಲ. ಅನುಭವದ ಮಾತು.

ಟೆಂಟ್ ಬಾಡಿಗೆಗೆ ತಂದರೆ ಮನೆಯ ಟೆರೇಸಿನ ಮೇಲೆ ಒಮ್ಮೆ ಪೂರ್ತಿ ಎತ್ತಿ ನಿಲ್ಲಿಸಿ ನೋಡಿ. ನಾವು ಒಂದು ಅಂಗಡಿಯಿಂದ ತಂದದ್ದರಲ್ಲಿ ಒಂದು ಕಡ್ಡಿಯೇ ಇರಲಿಲ್ಲ. ಗೊತ್ತಾಗಿದ್ದು ಮುನ್ನೂರು ಕಿಲೋಮೀಟರ್ ದಾಟಿದ ಮೇಲೆ. ಹೋಮ್‌ಸ್ಟೇಯವರು ಒಣಗಿದ ತೆಂಗಿನ ಗರಿಯ ದಿಂಡು ಕೆತ್ತಿ ಕೊಟ್ಟರು, ರಾತ್ರಿಯೆಲ್ಲ ಟೆಂಟು ಒಂದು ಕಡೆ ವಾಲಿಕೊಂಡೇ ಇತ್ತು. ಇನ್ನೊಂದು, ಟೆಂಟಿನ ಜೊತೆ ಕೊಡುವ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ, ಒಂದು ಗಾಳಿಗೆ ಕಿತ್ತು ಬರುತ್ತದೆ. ಹಳೇ ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳಕ್ಕೆ ಹೂತುಬಿಡಿ. ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಅಂಗಳ ಬೀಚಿಗೆ ಸೇರಿಕೊಂಡಿದ್ದರೆ ನೀರು ಎಲ್ಲಿವರೆಗೆ ಬರುತ್ತದೆ ನೋಡಿಕೊಳ್ಳಿ. ನಮಗೆ ಮೈಸೂರಿನವರಿಗೆ ನೀರು ಅಂದರೆ ಕೆರೆ, ಇಟ್ಟಲ್ಲಿ ಇರುತ್ತದೆ. ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರುವುದು ಇನ್ನೂ ಜಾಸ್ತಿ. ಮರಳಿನ ಮೇಲೆ ಕಸಕಡ್ಡಿ, ಚಿಪ್ಪು ಒಂದು ಗೆರೆಯ ಹಾಗೆ ಬಿದ್ದಿರುತ್ತದಲ್ಲ, ಹಿಂದಿನ ನೀರು ಅಲ್ಲಿವರೆಗೆ ಬಂದು ಹೋಗಿದೆ ಅಂತ ಲೆಕ್ಕ. ಟೆಂಟು ಅದಕ್ಕಿಂತ ಸಾಕಷ್ಟು ಮೇಲಿರಲಿ.

ಇನ್ನು ದ್ವೀಪ. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಜನ ಸೇರಿದ ಮೇಲೆ ದೋಣಿ ಹೊರಡುತ್ತದೆ, ಅದಕ್ಕೇ ವಾರದ ನಡುವೆ ಹೋದರೆ ಸ್ವಲ್ಪ ಕಾಯಬೇಕಾಗಬಹುದು. ಕೆಲವು ಸಲ ದ್ವೀಪದ ಹತ್ತಿರ ಚಿಕ್ಕ ದೋಣಿಗೆ ಬದಲಾಗಿ ಇಳಿಯಬೇಕು, ಕಾಲು ಒದ್ದೆ ಆಗುತ್ತದೆ. ಅತ್ತೆಗೆ ಮೊದಲೇ ಹೇಳಿಡಿ, ರೇಷ್ಮೆ ಸೀರೆ ಬೇಡ. ಅಲ್ಲಿ ಮಕ್ಕಳಿಗೆ ತೋರಿಸಬೇಕಾದ್ದು ಕಲ್ಲು. ಯಾರೋ ಅಳತೆ ಹಿಡಿದು ಕೆತ್ತಿ ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು ಸಾಲು ಸಾಲಾಗಿ ನಿಂತಿವೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟು ಆದದ್ದು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಮಣ್ಣು ಚೌಕ ಚೌಕವಾಗಿ ಸೀಳುತ್ತದಲ್ಲ, ಅದೇ ಆಟ. ಅಲ್ಲಿ ಮಣ್ಣು ಒಣಗಿ ಸೀಳುತ್ತದೆ, ಇಲ್ಲಿ ಕಲ್ಲು ತಣ್ಣಗಾಗಿ ಸೀಳಿದೆ. ಆ ಕಲ್ಲುಗಳ ಅಂಚಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ. ಪಾಚಿ ಕಟ್ಟಿ ಜಾರುತ್ತವೆ, ಸೆಲ್ಫಿ ತೆಗೆಯಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ.

ದೋಣಿಯಿಂದ ಇಳಿದ ತಕ್ಷಣ ನಾವಿಕರನ್ನು ಕೇಳಬೇಕಾದ ಮೊದಲ ಮಾತು: ಕೊನೇ ದೋಣಿ ಎಷ್ಟು ಗಂಟೆಗೆ? ಏಪ್ರಿಲ್‌ನಲ್ಲೇ ಹೋಗಿ ಬನ್ನಿ. ಮೇ ಕೊನೆಗೆ ಗಾಳಿ ಶುರುವಾಗುತ್ತದೆ, ಮಳೆಗಾಲದಲ್ಲಿ ದೋಣಿ ಪೂರ್ತಿ ಬಂದ್.

ಪ್ರಶ್ನೆ: ಅಷ್ಟು ದೂರ ಯಾಕೆ? ನಮ್ಮ ಕಾವೇರಿಯಲ್ಲೇ ಬೇಕಾದಷ್ಟು ನಡುಗಡ್ಡೆಗಳಿವೆ. ಹರಿಗೋಲಿನವರಿಗೆ ನಾಲ್ಕು ಕಾಸು ಕೊಟ್ಟರೆ ಬಿಟ್ಟು ಬರುತ್ತಾರೆ. ಅಲ್ಲಿ ಟೆಂಟ್ ಹಾಕಿದರೆ ಏನು ತಪ್ಪು?
ಓದುಗ, ಶ್ರೀರಂಗಪಟ್ಟಣ

ಸ್ವಾಮಿ, ನೀವು ಆ ಊರಿನವರೇ ಆಗಿ ಹೀಗೆ ಕೇಳಿದರೆ ಹೇಗೆ? ಆ ನಡುಗಡ್ಡೆಗಳಲ್ಲಿ ನಿಮಗಿಂತ ಮೊದಲು ಜಾಗ ಹಿಡಿದವರಿದ್ದಾರೆ. ಮೊಸಳೆಗಳು. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ನೋಡಿಲ್ವಾ, ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತವೆ. ಅವೇನು ಪಕ್ಷಿಧಾಮದ ಬೋರ್ಡ್ ಓದಿಕೊಂಡು ಅಲ್ಲೇ ಇರುತ್ತವಾ?

ಅದಕ್ಕಿಂತ ದೊಡ್ಡ ಭಯ ಕನ್ನಂಬಾಡಿ ಕಟ್ಟೆಯದು. ಕಟ್ಟೆ 124.80 ಅಡಿ ತುಂಬುವ ಹೊತ್ತಿಗೆ ಮೇಲೆ ಕೊಡಗಿನಲ್ಲಿ ಮಳೆ ಜೋರಾದರೆ ನೀರು ಬಿಡಲೇಬೇಕು. ನಿಮ್ಮ ತಲೆ ಮೇಲೆ ಒಂದು ಹನಿ ಮಳೆ ಬಿದ್ದಿರುವುದಿಲ್ಲ, ಆದರೂ ನದಿ ಏರುತ್ತದೆ. ಹಾಗೆ ನೀರು ಜಾಸ್ತಿ ಬಿಟ್ಟ ದಿನ ರಂಗನತಿಟ್ಟಿನಲ್ಲೇ ದೋಣಿ ನಿಲ್ಲಿಸುತ್ತಾರೆ. ಸಂಜೆ ಮೊಣಕಾಲುದ್ದ ಇದ್ದ ನೀರು ರಾತ್ರಿ ಎದೆಮಟ್ಟ ಆದರೆ ಹರಿಗೋಲಿನವನು ಬಂದು ಕರೆದುಕೊಂಡು ಹೋಗುತ್ತಾನೆ ಅಂದುಕೊಂಡಿರಾ?

ರಂಗನತಿಟ್ಟಿನ ತಿಟ್ಟುಗಳಂತೂ ಕೇಳಲೇಬೇಡಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರ ಸುಮಾರಿಗೆ ಕಾವೇರಿಗೆ ಒಡ್ಡು ಕಟ್ಟಿದಾಗ ಆದ ತಿಟ್ಟುಗಳವು. ಪಕ್ಷಿತಜ್ಞ ಸಲೀಂ ಅಲಿ ಅಲ್ಲಿ ಹಕ್ಕಿ ಗೂಡು ಕಟ್ಟುವುದನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮ ಆಯಿತು. ಹಕ್ಕಿ ಮರಿ ಮಾಡುವ ಜಾಗದಲ್ಲಿ ನಾವು ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಕೂರುವುದು ಬೇಡ.

ನದಿ ಪಕ್ಕ ರಾತ್ರಿ ಕಳೆಯಲೇಬೇಕು ಅಂದರೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ, ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ದ್ವೀಪ ಅಲ್ಲ, ಕಾವೇರಿಯ ದಡ. ಮೊದಲೇ ಬುಕ್ ಮಾಡಿ ಹೋಗಿ.

ಪ್ರಶ್ನೆ: ನನಗೆ ಬಸ್ಸಲ್ಲೇ ತಲೆ ಸುತ್ತುತ್ತೆ, ದೋಣಿಯಲ್ಲಿ ಹೇಗೋ ಅಂತ ಭಯ. ಮಗ ಸೊಸೆ ಬಿಡುತ್ತಿಲ್ಲ, ಬಾರಮ್ಮ ಬಾ ಅಂತಾರೆ.
63 ವರ್ಷದ ಅಜ್ಜಿ, ಮಂಡ್ಯ

ಹೋಗಿ ಬನ್ನಿ ಅಮ್ಮ. ಕರೆಯುವ ಮಗ ಸೊಸೆ ಸಿಗುವುದೇ ಅಪರೂಪ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಹೊಟ್ಟೆ ಬಿರಿಯುವ ಹಾಗೂ ತಿನ್ನಬೇಡಿ. ಎರಡು ಇಡ್ಲಿ ಸಾಕು. ದೋಣಿಯ ಮಧ್ಯದಲ್ಲಿ ಕೂತುಕೊಳ್ಳಿ, ಅಲ್ಲಿ ಅಲುಗಾಟ ಕಡಿಮೆ, ಮುಂದಿನ ತುದಿಯಲ್ಲಿ ಜಾಸ್ತಿ. ದೂರದಲ್ಲಿ ಆಕಾಶ ನೀರಿಗೆ ಮುಟ್ಟುವ ಗೆರೆಯನ್ನೇ ನೋಡುತ್ತಿರಿ. ಮೊಮ್ಮಗ ಮೊಬೈಲಲ್ಲಿ ಏನೋ ತೋರಿಸಲು ಬಂದರೆ ಆಮೇಲೆ ನೋಡ್ತೀನಿ ಅನ್ನಿ. ಕಣ್ಣು 'ಕೂತಿದ್ದೀನಿ' ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ 'ಅಲ್ಲಾಡ್ತಿದ್ದೀನಿ' ಅನ್ನುತ್ತದೆ, ಇವೆರಡರ ಜಗಳಕ್ಕೇ ವಾಂತಿ ಬರುವುದು. ವಾಂತಿ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಬಂದ ಮೇಲೆ ನುಂಗಿದರೆ ಅದೂ ಆಚೆ ಬರುತ್ತದೆ. ಬಿಪಿ, ಶುಗರ್ ಮಾತ್ರೆ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ಬೇರೆ ಮಾತ್ರೆ ಸೇರಿಸಬೇಡಿ.

ಪ್ರಶ್ನೆ: ಎರಡು ದಿನಕ್ಕೆ ಊಟ ಕಟ್ಟಿಕೊಂಡು ಹೋಗಬೇಕು. ಏನು ಕೆಡಲ್ಲ?
ಓದುಗರು, ಸರಸ್ವತಿಪುರಂ, ಮೈಸೂರು

ಪುಳಿಯೋಗರೆಯನ್ನು ಕಲಸಿ ಒಯ್ಯಬೇಡಿ, ಗೊಜ್ಜು ಮಾತ್ರ ಒಯ್ಯಿರಿ. ಅನ್ನ ಅಲ್ಲೇ ಸಿಗುತ್ತದೆ, ಉಡುಪಿಯಲ್ಲಿ ಅನ್ನಕ್ಕೆ ಬರ ಇಲ್ಲ. ಚಪಾತಿ, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು ತಡೆಯುತ್ತವೆ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೇ ಹಳಸುತ್ತದೆ, ಬೇಡ. ಮೊಸರನ್ನ ಬೇಕೇ ಬೇಕು ಅಂದರೆ ಅಜ್ಜಿಯರ ಉಪಾಯ ಮಾಡಿ: ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ. ದಾರಿಯಲ್ಲೇ ಹೆಪ್ಪಾಗಿ ಮೊದಲ ದಿನ ಮಧ್ಯಾಹ್ನ ಸರಿಯಾಗಿರುತ್ತದೆ. ಎರಡನೇ ದಿನಕ್ಕೆ ಇಡಬೇಡಿ. ನೀರು ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಾಕಿ, ಕರಾವಳಿ ಸೆಕೆಗೆ ನಮ್ಮ ಮೈಸೂರಿನ ಲೆಕ್ಕ ಸಾಲುವುದಿಲ್ಲ. ರೈಲಿನಲ್ಲಿ ಹೋಗುವವರು ಗ್ಯಾಸ್ ಸ್ಟವ್ ಸಿಲಿಂಡರ್ ಒಯ್ಯುವ ಹಾಗಿಲ್ಲ, ಅದು ಚಿಕ್ಕದಾದರೂ ಅಷ್ಟೇ.

ಪ್ರಶ್ನೆ: ಸಿಗಂದೂರಿಗೆ ಲಾಂಚಿನಲ್ಲಿ ಕಾರು ಸಮೇತ ಹೋಗುವುದನ್ನು ಮಕ್ಕಳಿಗೆ ತೋರಿಸಬೇಕು. ಯಾವಾಗ ಹೋಗಲಿ?
ಓದುಗ, ಮದ್ದೂರು

ತಡ ಮಾಡಿದಿರಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಆಯಿತು, ಎರಡೂವರೆ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ಉದ್ದ. ಲಿಂಗನಮಕ್ಕಿ ಹಿನ್ನೀರು ದಾಟಲು ಲಾಂಚ್ ಕಾದು ಕೂರುವ ಕಾಲ ಅಲ್ಲಿಗೆ ಮುಗಿಯಿತು. ನಮಗೆ ಅದು ಮೋಜು, ಆಚೆ ದಡದವರಿಗೆ ಹೆರಿಗೆ ನೋವು ಬಂದಾಗಲೂ ಅದೇ ಲಾಂಚು. ಸೇತುವೆ ಮೇಲಿಂದ ಹಿನ್ನೀರು ನೋಡಿ ಬನ್ನಿ, ಚೆನ್ನಾಗಿದೆ.

ಪ್ರಶ್ನೆ: ಬೀಚಲ್ಲಿ ಟೆಂಟ್ ಹಾಕಿದರೆ ರಾತ್ರಿ ಒಳಗೆ ಏಡಿ ಬರುತ್ತಾ?
ಐದನೇ ಕ್ಲಾಸ್, ಮೈಸೂರು

ಜಿಪ್ ಪೂರ್ತಿ ಎಳೆದಿದ್ದರೆ ಬರಲ್ಲ ಪುಟ್ಟ. ಕತ್ತಲಾದ ಮೇಲೆ ಮರಳಿನ ತೂತುಗಳಿಂದ ಅವು ಆಚೆ ಬರುತ್ತವೆ. ಅಪ್ಪನ ಕೈ ಹಿಡಿದುಕೊಂಡು ಟಾರ್ಚ್ ಬಿಟ್ಟು ನೋಡು, ಅಡ್ಡಡ್ಡ ಓಡುತ್ತವೆ, ನಿನಗಿಂತ ಜೋರಾಗಿ. ಚಪ್ಪಲಿ ಮಾತ್ರ ಹೊರಗೆ ಬಿಡಬೇಡ. ಬಿಟ್ಟರೆ ಬೆಳಿಗ್ಗೆ ಕೊಡವಿ ಹಾಕಿಕೋ.