ರಾ ಫೈಲ್ ಎಡಿಟಿಂಗ್ ನಿಧಾನ: ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ, ಲಿನಕ್ಸ್ ಆದೀತೇ?

ಫೋಟೊ ಎಡಿಟಿಂಗ್ ನಿಧಾನವಾಗಿದೆ, ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲೇ, ಲಿನಕ್ಸ್‌ಗೆ ಹೋಗಲೇ ಎಂದು ಕೇಳಿದ್ದೀರಿ. 45 ಮೆಗಾಪಿಕ್ಸೆಲ್ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೋಟೊ) ತೆರೆದಾಗ ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್ ತಡವರಿಸಲು ಬಹುಶಃ ನಿಮ್ಮ 8 ಜಿಬಿ ರ‍್ಯಾಮ್ ಕಾರಣ, ಗ್ರಾಫಿಕ್ಸ್ ಕಾರ್ಡ್ ಅಲ್ಲ. ಕ್ಯಾಟಲಾಗ್ (ಫೋಟೊಗಳ ಪಟ್ಟಿ, ತಿದ್ದುಪಡಿಗಳನ್ನು ಲೈಟ್‌ರೂಮ್ ಇಟ್ಟುಕೊಳ್ಳುವ ಫೈಲ್) ಯಾವ ಡಿಸ್ಕಿನಲ್ಲಿದೆ ಎಂದು ನೀವು ಬರೆದಿಲ್ಲ, ಹಾಗಾಗಿ ಪೂರ್ತಿ ಖಚಿತವಾಗಿ ಹೇಳಲಾರೆ.

ಮೊದಲು ಎಡಿಟ್ ಮಾಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೆಮೊರಿ ತುಂಬಿ, ಡಿಸ್ಕ್ ಕೂಡ ಬಿಡುವಿಲ್ಲದೆ ಓಡುತ್ತಿದ್ದರೆ ಅನುಮಾನ ನಿಜ. ಆಮೇಲೆ ರ‍್ಯಾಮ್ ಬದಲಿಸಲು ಬರುತ್ತದೆಯೇ ನೋಡಿ. ಬಂದರೆ 32 ಜಿಬಿ ಹಾಕಿಸಿ, ಕ್ಯಾಟಲಾಗನ್ನು ವೇಗದ ಡಿಸ್ಕಾದ ಎಸ್‌ಎಸ್‌ಡಿಗೆ ಸಾಗಿಸಿ. ಹೊಸ ಲ್ಯಾಪ್‌ಟಾಪೇ ಬೇಕಾಗಲಿಕ್ಕಿಲ್ಲ.

ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ ಹೊಸದೇ ಗತಿ. ಆಗ 32 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ), ಮತ್ತು ಒಳ್ಳೆಯ ಪರದೆ. ಪರದೆಯಲ್ಲಿ ಮಾತ್ರ ಜಿಪುಣತನ ಬೇಡ: ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣಶ್ರೇಣಿ) ಪೂರ್ತಿ 100% ತೋರಿಸಬೇಕು. ವಿವರಗಳಲ್ಲಿ ‘45% ಎನ್‌ಟಿಎಸ್‌ಸಿ’ (ಇನ್ನೊಂದು ಬಣ್ಣದ ಅಳತೆ; ಕಡಿಮೆ ಬಣ್ಣ ತೋರಿಸುವ ಪರದೆ ಎಂದರ್ಥ) ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ; ಗೇಮಿಂಗ್ ಮಾಡೆಲ್‌ಗಳಲ್ಲೂ ಇಂಥ ಸಪ್ಪೆ ಪರದೆಗಳಿರುತ್ತವೆ. ಅಂಥದ್ದರ ಮುಂದೆ ಕೂತು ಬಣ್ಣ ತಿದ್ದಿದರೆ ಪ್ರಿಂಟ್ ಬೇರೆಯೇ ಬರುತ್ತದೆ. ಎಐ ಡಿನಾಯ್ಸ್ (ಫೋಟೊದ ಕಾಳುಕಾಳು ತೆಗೆಯುವ ಸೌಲಭ್ಯ) ಹೆಚ್ಚು ಬಳಸುವವರಾದರೆ ಮಾತ್ರ 8 ಜಿಬಿ ವಿಡಿಯೊ ಮೆಮೊರಿಯ ಗ್ರಾಫಿಕ್ಸ್ ಕಾರ್ಡಿಗೆ ಖರ್ಚು ಮಾಡಿ.

ವಿಂಡೋಸ್‌ಗೆ ಪರ್ಯಾಯ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ಗೆ ಲೈಟ್‌ರೂಮ್ ಇಲ್ಲ. ಅಲ್ಲಿ ಓಡುವ ರಾ ಎಡಿಟರ್ ಡಾರ್ಕ್‌ಟೇಬಲ್ ಕಲಿಯಲು ಸಿದ್ಧರಿದ್ದರೆ ಅದು ಉಚಿತ, ಸಮರ್ಥ. ಆದರೆ ಲೈಟ್‌ರೂಮ್‌ನ ಹಳೆಯ ಎಡಿಟ್‌ಗಳೆಲ್ಲ ಹಾಗೇ ಬರುವುದಿಲ್ಲ. ಮೊದಲು ಈಗಿರುವ ವಿಂಡೋಸ್‌ನಲ್ಲೇ ಡಾರ್ಕ್‌ಟೇಬಲ್ ಹಾಕಿ ಪರೀಕ್ಷಿಸಿ, ಒಗ್ಗದಿದ್ದರೆ ವಿಂಡೋಸ್ ಅಥವಾ ಮ್ಯಾಕ್. ಮ್ಯಾಕ್‌ಬುಕ್ ಆದರೆ ರ‍್ಯಾಮ್ ಎಷ್ಟು ಬೇಕೋ ಅಷ್ಟನ್ನು ಕೊಳ್ಳುವಾಗಲೇ ಆರಿಸಿ, ಆಮೇಲೆ ಸೇರಿಸಲಾಗದು.