ವೆದರೈಸೇಷನ್ ಕೆಲಸ ನೋಡಲು ರಾಜ್ಯದ ಮಾನಿಟರ್ ಬರ್ತಿದ್ದಾರೆ, ಫೈಲ್‌ನಲ್ಲಿ ಏನೇನಿರಬೇಕು?

ನೀವು ಈಗ ಕೂತಿರುವ ಕುರ್ಚಿಯಲ್ಲಿ ನಾನೂ ಕೂತವನೇ. ಕಡಿಮೆ ಆದಾಯದವರ ಮನೆಗಳಿಗೆ ಸರ್ಕಾರದ ದುಡ್ಡಲ್ಲಿ ಇಂಧನ ಉಳಿಸುವ ಕೆಲಸ (ವೆದರೈಸೇಷನ್) ಮಾಡಿಸುವ ಅಮೆರಿಕದ ಕಮ್ಯುನಿಟಿ ಆಕ್ಷನ್ ಏಜೆನ್ಸಿಗೆ ಹೊಸದಾಗಿ ಸೇರಿದ್ದೀರಿ, ಮಾನಿಟರ್ ಬರುವಷ್ಟರಲ್ಲಿ ಫೈಲ್‌ಗೆ ಯಾವ ಕಾಗದ ಸೇರಿಸಬೇಕು ಅಂತ ಕೇಳಿದ್ದೀರಿ. ಕಾಗದ ಆಮೇಲಿನ ಮಾತು. ಬಂದವರು ಆ್ಯಟಿಕ್ ಹತ್ತುತ್ತಾರೆ, ಬ್ಲೋವರ್ ಡೋರ್ (ಮನೆಯ ಗಾಳಿ ಸೋರಿಕೆ ಅಳೆಯುವ, ಬಾಗಿಲಿಗೆ ಕಟ್ಟುವ ಫ್ಯಾನ್) ಕಟ್ಟುತ್ತಾರೆ, ಗೋಡೆಗೆ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿಯುತ್ತಾರೆ. ಫೈಲ್‌ನಲ್ಲಿದ್ದದ್ದು ಮನೆಯಲ್ಲಿ ಕಾಣದಿದ್ದರೆ, ಅಚ್ಚುಕಟ್ಟಾದ ಫೈಲೇ ನಿಮ್ಮ ವಿರುದ್ಧ ಸಾಕ್ಷಿ.

ನಮ್ಮ ಏಜೆನ್ಸಿಗೆ ದುಬಾರಿ ಬಿದ್ದದ್ದು ಗೋಡೆಯೊಳಗೆ ಊದಿ ತುಂಬುವ ಸೆಲ್ಯುಲೋಸ್ ಇನ್ಸುಲೇಷನ್ (ಕಾಗದದ ನಾರಿನಂಥದ್ದು). ಕಂಟ್ರಾಕ್ಟರ್ ಬಿಲ್‌ನಲ್ಲಿ ಎಷ್ಟು ಚದರಡಿ ಅಂತ ಇತ್ತು, ಎಷ್ಟು ಚೀಲ ಅಂತಲೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಗುಣಾಕಾರ ಮಾಡಿದವರು ಯಾರೂ ಇಲ್ಲ. ಲೆಕ್ಕ ಕಷ್ಟದ್ದೇನಲ್ಲ. 2×4 ಸ್ಟಡ್‌ಗಳ ಗೋಡೆ, ಒಳಗಿನ ಆಳ 3.5 ಇಂಚು. ಕಿಟಕಿ ಬಾಗಿಲು ಕಳೆದು 1,000 ಚದರಡಿ ಉಳಿದರೆ ಒಟ್ಟು 292 ಘನ ಅಡಿ. ಮರದ ಪಾಲು ಅಂತ ಶೇ. 15 ಬಿಟ್ಟರೆ ತುಂಬಬೇಕಾದದ್ದು 248 ಘನ ಅಡಿ. ಡೆನ್ಸ್ ಪ್ಯಾಕ್ (ಒತ್ತಾಗಿ ತುಂಬಿದ್ದು) ಅನ್ನಬೇಕಾದರೆ ಘನ ಅಡಿಗೆ 3.5 ಪೌಂಡ್ ಬೇಕು, ಅಂದರೆ ಸುಮಾರು 868 ಪೌಂಡ್. 25 ಪೌಂಡಿನ ಚೀಲವಾದರೆ 35 ಚೀಲ. ಬಿಲ್‌ನಲ್ಲಿ 20 ಚೀಲ ಕಂಡರೆ ಸಾಂದ್ರತೆ ಬರೀ 2 ಪೌಂಡ್. ಅದು ವರ್ಷ ಕಳೆದಂತೆ ಕುಸಿದು ಗೋಡೆಯ ಮೇಲ್ಭಾಗ ಖಾಲಿಯಾಗುತ್ತದೆ, ಗಾಳಿಯೂ ನಿಲ್ಲುವುದಿಲ್ಲ. ಕ್ಯಾಮೆರಾದಲ್ಲಿ ಪ್ರತಿ ಸ್ಟಡ್ ನಡುವೆಯೂ ತಲೆಭಾಗದಲ್ಲಿ ತಣ್ಣನೆಯ ಪಟ್ಟಿ ಬೀಳುತ್ತದೆ.

ಹಾಗಾಗಲು ಕಾರಣ ಸಾಮಾನ್ಯವಾಗಿ ಕಳ್ಳತನವಲ್ಲ, ಅವಸರ. ಟ್ಯೂಬನ್ನು ರಂಧ್ರದಿಂದ ಗೋಡೆಯ ತುದಿಯವರೆಗೆ ತೂರಿಸಿ, ಮೆಟೀರಿಯಲ್ ಹರಿಯುವುದು ನಿಂತಾಗ ಅಡಿಯಷ್ಟು ಹಿಂದೆಳೆದು, ಮತ್ತೆ ನಿಲ್ಲುವವರೆಗೆ ಕಾಯಬೇಕು. ಟ್ಯೂಬ್ ಬಿಟ್ಟು ಬರೀ ನಾಝಲ್‌ನಿಂದ ಊದಿದರೆ ರಂಧ್ರದ ಸುತ್ತ ಗಟ್ಟಿ, ಮೇಲೆ ಪೊಳ್ಳು. ಗೋಡೆಯ ಮಧ್ಯೆ ಅಡ್ಡ ಬ್ಲಾಕಿಂಗ್ (ಮರದ ತುಂಡು) ಇದ್ದರೆ ಅದರ ಇನ್ನೊಂದು ಬದಿಗೆ ಬೇರೆ ರಂಧ್ರವೇ ಬೇಕು. ಅದು ಮರೆತುಹೋದ ಮನೆಗಳಿಗೆ ಲೆಕ್ಕವಿಲ್ಲ. ಅನುಮಾನ ಬಂದ ಕಡೆ ರಂಧ್ರ ಮುಚ್ಚಿದ ಪ್ಲಗ್ ಒಂದನ್ನು ತೆಗೆಸಿ ಬೆರಳು ಒತ್ತಿ ನೋಡಿ. ಬೆರಳು ಸಲೀಸಾಗಿ ಒಳಗೆ ಹೋದರೆ ತುಂಬಿದ್ದು ಸಾಲದು ಅಂತಲೇ ಅರ್ಥ, ಮುಂದೆ ಪರೀಕ್ಷೆಯೇ ಬೇಡ.

ಸರಿಪಡಿಸುವ ಖರ್ಚು ಯಾರದ್ದು ಅನ್ನುವಲ್ಲೇ ಹೊಡೆತ. ಮುಗಿದ ಮನೆ ಅಂತ ಒಮ್ಮೆ ವರದಿ ಮಾಡಿದ ಮೇಲೆ ಯೋಜನೆಗೆ ಹಣ ಕೊಡುವ ಫೆಡರಲ್ ಇಂಧನ ಇಲಾಖೆಯ ದುಡ್ಡನ್ನು ಮತ್ತೆ ಅದರ ಮೇಲೆ ಹಾಕಲಾಗದು. ಅಷ್ಟರಲ್ಲಿ ಕಂಟ್ರಾಕ್ಟರ್‌ಗೆ ಪೂರ್ತಿ ಪಾವತಿಯೂ ಆಗಿರುತ್ತದೆ. ಅದಕ್ಕೇ ನನ್ನ ಹಠ: ಅಂತಿಮ ತಪಾಸಣೆ ಮಾಡುವ ಕ್ವಾಲಿಟಿ ಕಂಟ್ರೋಲ್ ಇನ್‌ಸ್ಪೆಕ್ಟರ್ ಸಹಿ ಬೀಳದೆ ಕೊನೆಯ ಬಿಲ್ ಪಾಸ್ ಮಾಡಬೇಡಿ, ಕಂಟ್ರಾಕ್ಟರ್ ಎಷ್ಟೇ ಹಳಬನಾಗಿರಲಿ.

ಇಷ್ಟು ಬಿಗಿ ಯಾಕೆ ಅನ್ನಿಸಬಹುದು. 1976ರಿಂದ ನಡೆಯುತ್ತಿರುವ ಈ ವೆದರೈಸೇಷನ್ ಯೋಜನೆಗೆ 2009ರ ರಿಕವರಿ ಆ್ಯಕ್ಟ್ (ಆರ್ಥಿಕ ಉತ್ತೇಜನ ಕಾಯ್ದೆ) ಒಂದೇ ಏಟಿಗೆ ಸುಮಾರು 500 ಕೋಟಿ ಡಾಲರ್ ಸುರಿಯಿತು. ಮರುವರ್ಷ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಇಲಿನಾಯ್‌ನಲ್ಲಿ ನೋಡಿದ 15 ಮನೆಗಳ ಪೈಕಿ 12 ಅಂತಿಮ ತಪಾಸಣೆಯಲ್ಲಿ ಫೇಲ್. ಈಗ ಪ್ರತಿ ಮನೆಗೂ ಸರ್ಟಿಫೈಡ್ ಇನ್‌ಸ್ಪೆಕ್ಟರ್ ಬೇಕು. ಅದರ ಮೇಲೆ ರಾಜ್ಯ ಕನಿಷ್ಠ ಶೇ. 5 ಮನೆಗಳನ್ನು ತಾನೇ ನೋಡಬೇಕು. ಆಡಿಟ್ (ಕೆಲಸಕ್ಕೆ ಮುಂಚೆ ಮನೆಗೆ ಏನೇನು ಬೇಕು ಅಂತ ನೋಡುವುದು) ಮಾಡಿದವರೇ ಅಂತಿಮ ತಪಾಸಣೆಯನ್ನೂ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಶೇ. 10. ಮೊದಲು ನಿಮ್ಮಲ್ಲಿ ಯಾವುದು ಅಂತ ವಿಚಾರಿಸಿ. ತಾನು ಆಡಿಟ್‌ನಲ್ಲಿ ಬಿಟ್ಟದ್ದನ್ನು ತಪಾಸಣೆಯಲ್ಲಿ ತಾನೇ ಹಿಡಿಯುವ ಮನುಷ್ಯ ಅಪರೂಪ. ಇಬ್ಬರನ್ನಿಡಲು ಬಜೆಟ್ ಇದ್ದರೆ ಇಬ್ಬರನ್ನಿಡಿ.

ಗೋಡೆಗಿಂತ ಅಪಾಯದ್ದು ಗ್ಯಾಸ್ ವಾಟರ್ ಹೀಟರ್. ಮನೆ ಬಿಗಿಯಾದಷ್ಟೂ ಹೊಗೆ ವಾಪಸ್ ಒಳಗೆ ಬರುವ ಸಂಭವ ಹೆಚ್ಚು. ಆದ್ದರಿಂದ ಕೆಲಸಕ್ಕೆ ಮುಂಚಿನ ಪರೀಕ್ಷೆ ಸಾಲದು, ಏರ್ ಸೀಲಿಂಗ್ ಮುಗಿದ ಮೇಲೆ ಮತ್ತೆ ಮಾಡಬೇಕು: ಡ್ರೈಯರ್, ಅಡುಗೆಮನೆ ಮತ್ತು ಬಾತ್‌ರೂಮ್ ಫ್ಯಾನ್ ಎಲ್ಲ ಹಾಕಿ, ಹೀಟರ್ ಹೊತ್ತಿಸಿ, ಡ್ರಾಫ್ಟ್ ಹುಡ್ (ಹೀಟರ್ ಮೇಲೆ ಹೊಗೆ ಕೊಳವೆಯ ಬುಡದ ತೆರೆದ ಟೊಪ್ಪಿ) ಬಳಿ ಸ್ಪಿಲೇಜ್, ಅಂದರೆ ಹೊಗೆ ಹೊರಚೆಲ್ಲುತ್ತಿದೆಯೇ ಅಂತ ನೋಡಬೇಕು, ಕಾರ್ಬನ್ ಮೊನಾಕ್ಸೈಡ್ ಅಳೆಯಬೇಕು. ಹೊಸ ಫ್ಯಾನ್ ಹಾಕಿದ್ದರೆ ಡಬ್ಬಿ ಮೇಲಿನ ಸಂಖ್ಯೆ ನಕಲು ಮಾಡಬೇಡಿ, ಅಳೆದದ್ದನ್ನು ಬರೆಯಿರಿ. 80 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ) ಫ್ಯಾನ್‌ನ ಫ್ಲೆಕ್ಸ್ ಡಕ್ಟ್ ಮಡಚಿಕೊಂಡಿದ್ದರೆ ಅರ್ಧವೂ ಎಳೆಯದಿರಬಹುದು, ಆಗ ಆಶ್ರೇ 62.2 (ಮನೆಗೆ ಬೇಕಾದ ಗಾಳಿಯಾಟದ ಮಾನದಂಡ) ಲೆಕ್ಕ ತಪ್ಪುತ್ತದೆ.

ಇನ್ನು ನೀವು ಕೇಳಿದ ಕಾಗದಗಳು. ಆದಾಯದ ದಾಖಲೆ ಮತ್ತು ಅದರ ತಾರೀಖು (ಫೆಡರಲ್ ಬಡತನ ರೇಖೆಯ ಶೇ. 200ರೊಳಗೆ), ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, 1978ಕ್ಕಿಂತ ಹಳೆಯದಾದರೆ ಲೆಡ್-ಸೇಫ್ (ಸೀಸದ ಬಣ್ಣದ ಧೂಳು ಹರಡದಂತೆ ಮಾಡಿದ) ಕೆಲಸದ ಫೋಟೊ, ಹಿಂದಿನ 15 ವರ್ಷದಲ್ಲಿ ಅದೇ ಮನೆಗೆ ಕೆಲಸ ಆಗಿಲ್ಲ ಅನ್ನುವ ಪರಿಶೀಲನೆ, ಮೊದಲಿನ ಮತ್ತು ಕೊನೆಯ 50 ಪಾಸ್ಕಲ್ ಬ್ಲೋವರ್ ಡೋರ್ ರೀಡಿಂಗ್. ಆಡಿಟ್‌ನಲ್ಲಿ ಇಂಧನ ಉಳಿತಾಯಕ್ಕೆಂದು ಹಾಕಿದ ಪ್ರತಿ ಕೆಲಸದ ಎಸ್‌ಐಆರ್ (ಖರ್ಚಿಗೆ ಹೋಲಿಸಿದ ಉಳಿತಾಯದ ಅನುಪಾತ) 1 ಅಥವಾ ಹೆಚ್ಚು ಇರಬೇಕು. ಆಡಿಟ್, ವರ್ಕ್ ಆರ್ಡರ್, ಬಿಲ್ ಮೂರರಲ್ಲೂ ಅದೇ ಕೆಲಸ, ಅದೇ ಅಳತೆ ಇದೆಯೇ ಅಂತ ಸಾಲುಸಾಲಾಗಿ ನೋಡಿ. ಬದಲಾಗಿದ್ದರೆ ಚೇಂಜ್ ಆರ್ಡರ್ ಬೇಕು.

ಏನಾದರೂ ಸಿಗದಿದ್ದರೆ ಹಳೇ ತಾರೀಖು ಹಾಕಿ ಹೊಸ ಕಾಗದ ಸೃಷ್ಟಿಸಬೇಡಿ. ಕಾಗದ ಇಲ್ಲದ್ದು ಲೋಪ, ಹುಟ್ಟಿಸಿದ್ದು ಮೋಸ. ಇವತ್ತಿನ ತಾರೀಖು ಹಾಕಿ, ಏನು ಸಿಕ್ಕಿಲ್ಲ, ಈಗ ಏನು ಮಾಡುತ್ತಿದ್ದೇವೆ ಅಂತ ಒಂದು ಮೆಮೊ ಬರೆದು ಫೈಲ್‌ನ ಮೊದಲ ಪುಟಕ್ಕೇ ಸಿಕ್ಕಿಸಿ. ಉಳಿದ ದಿನಗಳಲ್ಲಿ ಇತ್ತೀಚೆಗೆ ಗೋಡೆ ತುಂಬಿದ ಮನೆಗಳ ಬಿಲ್ ತೆಗೆದು ಚೀಲ ಎಣಿಸಿ. ಕಡಿಮೆ ಬಂದ ಮನೆಗೆ ಕಂಟ್ರಾಕ್ಟರ್‌ನನ್ನು ಮಾನಿಟರ್‌ಗಿಂತ ಮುಂಚೆ ಕಳಿಸಿ, ಜೊತೆಗೆ ನಿಮ್ಮ ಇನ್‌ಸ್ಪೆಕ್ಟರ್‌ ಕೂಡ ಹೋಗಲಿ.