ವಿಕಲಚೇತನ ಮಕ್ಕಳ ಹಕ್ಕಿಗೊಂದು ಕನ್ನಡ ಜಾಲತಾಣ: ಮೊದಲು ಏನು ಬರೆಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಸಾಗರದ ಸುತ್ತಮುತ್ತ ಇಂಥ ಮಕ್ಕಳಿರುವ ಮೂವತ್ತು ನಲವತ್ತು ಮನೆಯವರು ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಸರ್ಟಿಫಿಕೇಟ್, ಶಾಲೆ, ಪಿಂಚಣಿ, ಬಸ್ ಪಾಸ್ ಎಂದು ದಿನವೂ ಅವೇ ಪ್ರಶ್ನೆಗಳು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಎಲ್ಲವನ್ನೂ ಕನ್ನಡದಲ್ಲಿ ಒಂದೇ ಕಡೆ ಸಿಗುವಂತೆ ಜಾಲತಾಣ ಮಾಡೋಣ ಎಂದುಕೊಂಡಿದ್ದೇವೆ. ನಾವ್ಯಾರೂ ವಕೀಲರಲ್ಲ. ಕಾನೂನಿನ ವಿಷಯ ಬರೆಯಬಹುದೇ? ಎಲ್ಲಿಂದ ಶುರು ಮಾಡಬೇಕು?
ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ಬರೆಯಬಹುದು, ಧೈರ್ಯವಾಗಿ ಬರೆಯಿರಿ. ಕಾನೂನು ಏನು ಹೇಳುತ್ತದೆ ಎಂದು ನಾಲ್ಕು ಜನಕ್ಕೆ ವಿವರಿಸಲು ಸನ್ನದು ಬೇಕಿಲ್ಲ. 1961ರ ವಕೀಲರ ಕಾಯ್ದೆ ವಕೀಲರಿಗೆ ಮೀಸಲಿಟ್ಟಿರುವುದು ವೃತ್ತಿಯನ್ನು. ಒಬ್ಬರ ಕೇಸಿಗೆಂದೇ ನೋಟಿಸು ಬರೆದುಕೊಟ್ಟು ಫೀಸು ಪಡೆಯುವುದು, ಅವರ ಪರ ಕೋರ್ಟಿನಲ್ಲಿ ನಿಲ್ಲುವುದು ನಿಮ್ಮ ಕೆಲಸವಲ್ಲ. ಆ ಗೆರೆ ದಾಟದಿದ್ದರೆ ಸಾಕು. ಕಾಯ್ದೆಯ ಸಾಲುಗಳನ್ನೇ ಹಾಕಿದರೆ ಕೃತಿಸ್ವಾಮ್ಯದ ತಕರಾರು ಬಂದೀತೆಂಬ ಅಳುಕೂ ಬೇಡ. ನಿಮ್ಮ ಸ್ವಂತ ವಿವರಣೆಯ ಜೊತೆಗೆ ಶಾಸನದ ಪಠ್ಯ ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಕೋರ್ಟೇ ನಿರ್ಬಂಧಿಸದ ತೀರ್ಪುಗಳಿಗೂ ಇದೇ ರಿಯಾಯಿತಿ ಇದೆ. ಬೇರೆಯವರು ಬೆವರು ಸುರಿಸಿ ಮಾಡಿದ ಕನ್ನಡ ಅನುವಾದವನ್ನು ಮಾತ್ರ ಕೇಳದೆ ಎತ್ತಬೇಡಿ.

ಎಲ್ಲಿಂದ ಶುರು ಮಾಡಬೇಕೆಂಬ ಪ್ರಶ್ನೆಗೆ ನನ್ನದು ಸ್ವಲ್ಪ ಹಟದ ಉತ್ತರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 102 ಕಲಮುಗಳಿವೆ. ಅದನ್ನು ಅಧ್ಯಾಯದ ಮೇಲೆ ಅಧ್ಯಾಯವಾಗಿ ಕನ್ನಡಕ್ಕಿಳಿಸಿ ಕೂರಿಸಿದರೆ ಜಾಲತಾಣ ಚೆನ್ನಾಗಿಯೇ ಕಾಣುತ್ತದೆ, ಓದುವವರು ಯಾರೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನ ಕಚೇರಿಗೆ ಬಂದರು. ಕೈಯಲ್ಲಿ ಕಾಯ್ದೆಯ ಪೂರ್ತಿ ಪ್ರಿಂಟು, ಅಲ್ಲಲ್ಲಿ ಹಳದಿ ಗೆರೆ. ಮಗಳಿಗೆ ಶಾಲೆಯಲ್ಲಿ ಸೀಟು ಕೊಡಲಿಲ್ಲ. ಮುಖ್ಯೋಪಾಧ್ಯಾಯರ ಎದುರು ಅರ್ಧ ಗಂಟೆ ಕಲಮು ಓದಿ ಹೇಳಿ ಬರಿಗೈಲಿ ವಾಪಸಾಗಿದ್ದರು.

“ಅರ್ಜಿ ಕೊಟ್ರಾ?”

“ಇಲ್ಲ ಸಾರ್, ಬಾಯಲ್ಲೇ ಕೇಳಿದೆ.”

“ಆಗಲ್ಲ ಅಂತ ಬರೆದುಕೊಟ್ರಾ?”

“ಅವರೂ ಬಾಯಲ್ಲೇ ಹೇಳಿದ್ರು.”

ಅಂದರೆ ಕಾಗದದ ಲೆಕ್ಕದಲ್ಲಿ ಆ ದಿನ ಆ ಶಾಲೆಗೆ ಯಾರೂ ಬಂದಿರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಅಲ್ಲೇ ಕೂತು ಎಂಟು ಸಾಲಿನ ಅರ್ಜಿ ಬರೆದೆವು. ಕೊನೆಯ ಸಾಲು ಹೀಗಿತ್ತು: “ಪ್ರವೇಶ ನೀಡಲು ಸಾಧ್ಯವಿಲ್ಲವಾದಲ್ಲಿ ಕಾರಣ ಸಹಿತ ಹಿಂಬರಹ ನೀಡಬೇಕಾಗಿ ಕೋರಿಕೆ.” ಎರಡು ಪ್ರತಿ ಮಾಡಿ, ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬನ್ನಿ ಎಂದು ಕಳಿಸಿದೆ. ಒಂದು ವಾರದೊಳಗೆ ಶಾಲೆಯಿಂದಲೇ ಫೋನು ಬಂತು. ಬಾಯಲ್ಲಿ ಇಲ್ಲ ಎನ್ನುವುದು ಎಷ್ಟು ಸಲೀಸೋ ಹಿಂಬರಹದಲ್ಲಿ ಇಲ್ಲ ಎಂದು ಬರೆದು ಸಹಿ ಹಾಕುವುದು ಅಷ್ಟೇ ಕಷ್ಟ.

ನಿಮ್ಮ ತಾಣದ ಬೀಜ ಇದೇ ಆಗಲಿ. ಒಂದು ವಾರ ಗುಂಪಿನಲ್ಲಿ ಎಲ್ಲರಿಗೂ ಒಂದೇ ಕೆಲಸ ಕೊಡಿ: ಯಾವ ಕೌಂಟರಿನಲ್ಲಿ ಏನೆಂದು ಹೇಳಿ ವಾಪಸು ಕಳಿಸಿದರು, ಅವರ ಮಾತಿನಲ್ಲೇ ಬರೆದು ಕಳಿಸಿ. ಬಂದ ಮಾತುಗಳೇ ಪುಟದ ಹೆಸರುಗಳು. “ಇಂಥ ಮಕ್ಕಳಿಗೆ ಇಲ್ಲಿ ಸೀಟಿಲ್ಲ ಅಂದರು.” “ಎಂಟನೇ ಕ್ಲಾಸ್ ಮುಗೀತು, ಇನ್ನು ಫ್ರೀ ಇಲ್ಲ ಅಂದರು.” “ನಲವತ್ತು ಪರ್ಸೆಂಟ್ ಇಲ್ಲ, ಏನೂ ಸಿಗಲ್ಲ ಅಂದರು.” ಪ್ರತಿ ಪುಟದಲ್ಲೂ ನಾಲ್ಕೇ ಸಂಗತಿ ಇರಲಿ: ಆ ಮಾತು ಸರಿಯೋ ತಪ್ಪೋ, ಯಾವ ಕಲಮಿನ ಪ್ರಕಾರ, ಅಲ್ಲಿ ಕೊಡಬೇಕಾದ ಅರ್ಜಿಯ ನಮೂನೆ, ಆಗದಿದ್ದರೆ ಮುಂದಿನ ಬಾಗಿಲು ಯಾವುದು.

ನಲವತ್ತು ಪರ್ಸೆಂಟಿನ ಮಾತನ್ನೇ ತೆಗೆದುಕೊಳ್ಳಿ, ಏಕೆಂದರೆ ಅರ್ಧ ಸತ್ಯವೇ ಜನರನ್ನು ಹೆಚ್ಚು ದಾರಿ ತಪ್ಪಿಸುವುದು. ವಿಕಲತೆಯ ಪ್ರಮಾಣ ಕನಿಷ್ಠ ಶೇ 40 ಇರಬೇಕೆಂಬ ಷರತ್ತು ಇರುವುದು ಕೆಲವು ಹಕ್ಕುಗಳಿಗೆ ಮಾತ್ರ. 31ನೇ ಕಲಮಿನ ಪ್ರಕಾರ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ, ಇವಕ್ಕೆ ಅದು ಬೇಕು. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎನ್ನುವ 16ನೇ ಕಲಮಿನಲ್ಲಿ ಪರ್ಸೆಂಟಿನ ಮಾತೇ ಇಲ್ಲ. ಸರ್ಕಾರದ ಅನುದಾನವೋ ಮಾನ್ಯತೆಯೋ ಇರುವ ಎಲ್ಲ ಶಾಲೆಗೂ ಅದು ಅನ್ವಯ. ಪರೀಕ್ಷೆಯಲ್ಲಿ ತಮ್ಮ ಪರವಾಗಿ ಬರೆಯುವವರ ನೆರವು ಪಡೆಯಲೂ ಶೇ 40 ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಇನ್ನು ಆಸ್ಪತ್ರೆಯಲ್ಲಿ ಪರ್ಸೆಂಟನ್ನೇ ಕಡಿಮೆ ಬರೆದಿದ್ದಾರೆ ಎನಿಸಿದರೆ 59ನೇ ಕಲಮಿನಡಿ ಮೇಲ್ಮನವಿ ಇದೆ. ನನ್ನ ಬಳಿ ಬಂದ ತಂದೆ ತಾಯಿಯರಲ್ಲಿ ಇದು ಗೊತ್ತಿದ್ದವರು ತೀರಾ ಕಡಿಮೆ.

ಎಂಟನೇ ಕ್ಲಾಸಿನ ಮಾತೂ ಅಂಥದ್ದೇ. ಶಿಕ್ಷಣ ಹಕ್ಕು ಕಾಯ್ದೆಯ ಸಾಮಾನ್ಯ ಮಿತಿ 14 ವರ್ಷ, ಗುಮಾಸ್ತರು ಅದನ್ನೇ ಹೇಳುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವ ಮಗುವಿಗೆ ಮಿತಿ 18.

ಇಲ್ಲೊಂದು ಎಚ್ಚರಿಕೆ. ದೆಹಲಿಯಲ್ಲೋ ಮುಂಬೈಯಲ್ಲೋ ಬರೆದ ಮಾಹಿತಿಯನ್ನು ಅನುವಾದಿಸಿ ಹಾಕಬೇಡಿ. 2012ರ ತಿದ್ದುಪಡಿಯ ನಂತರ ವಿಕಲಚೇತನ ಮಕ್ಕಳೂ ಖಾಸಗಿ ಶಾಲೆಯ ಶೇ 25 ಆರ್‌ಟಿಇ ಸೀಟಿಗೆ ಅರ್ಹರು ಎಂದು ಅಲ್ಲಿ ಓದುತ್ತೀರಿ. ಕೇಂದ್ರದ ಕಾಯ್ದೆಯ ಮಟ್ಟಿಗೆ ಅದು ನಿಜ. ಕರ್ನಾಟಕ ತನ್ನ ನಿಯಮ ಬದಲಿಸಿ, 2019ರಿಂದ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಆ ಸೀಟು ಎಂದು ಮಾಡಿದೆ. ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಇದನ್ನು ಬಿಟ್ಟು ಬರೆದರೆ ನಿಮ್ಮ ಪುಟ ನಂಬಿ ಒಬ್ಬ ತಾಯಿ ದಿನದ ಕೂಲಿ ಬಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಬರುತ್ತಾಳೆ. ಮುಂದೆ ನಿಮ್ಮ ತಾಣದ ಸರಿಯಾದ ಮಾತನ್ನೂ ಆಕೆ ನಂಬುವುದಿಲ್ಲ.

ಹಾಗೆಯೇ ಹಣದ ಮೊತ್ತ. ಮಾಸಾಶನ ಇಷ್ಟು ಎಂದು ಬರೆಯುವಾಗ ಸರ್ಕಾರಿ ಆದೇಶದ ಸಂಖ್ಯೆ, ದಿನಾಂಕ ಇಲ್ಲದೆ ಬರೆಯಬೇಡಿ. ಆದೇಶ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ, ಉತ್ತರಕ್ಕೆ 30 ದಿನದ ಗಡುವಿದೆ. ಪ್ರತಿ ಪುಟದ ತಲೆಯ ಮೇಲೆ “ಈ ಪುಟವನ್ನು ಇಂಥ ದಿನ ಪರಿಶೀಲಿಸಿದೆ” ಎಂದಿರಲಿ. ಕಲಮಿನ ಸಂಖ್ಯೆಗಳೂ ಶಾಶ್ವತವಲ್ಲ. ವಿಕಲಚೇತನ ಮಕ್ಕಳಿರುವವರಿಗೆ 75,000 ರೂಪಾಯಿ, ತೀವ್ರ ವಿಕಲತೆಯಿದ್ದರೆ 1,25,000 ರೂಪಾಯಿ ಆದಾಯ ತೆರಿಗೆ ಕಡಿತ ಕೊಡುತ್ತಿದ್ದ 80ಡಿಡಿ ಎಷ್ಟೋ ಜನರಿಗೆ ಬಾಯಿಪಾಠ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗಷ್ಟೇ ಅದು ಎಂಬುದು ಅನೇಕರಿಗೆ ಗೊತ್ತಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಎಂದಾದಾಗ ಹಳೆಯ ಕಲಮು ಸಂಖ್ಯೆ ಹೊತ್ತ ಪುಟಗಳೆಲ್ಲ ಒಂದೇ ದಿನಕ್ಕೆ ಮುದಿಯಾದವು.

ಮುಂದಿನ ಬಾಗಿಲು ಎಂದೆನಲ್ಲ, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಬಹುಪಾಲು ಅವರೂ ವಿಕಲಚೇತನರೇ, ಕಾಗದಪತ್ರದ ದಾರಿ ಚೆನ್ನಾಗಿ ಬಲ್ಲವರು. ಶಾಲೆಯ ವಿಷಯಕ್ಕೆ ಬಿಇಒ, ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು. ಅದರ ಮೇಲೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರು. ಅವರಿಗೆ ಸಮನ್ಸು ಕಳಿಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರಗಳಿವೆ. ಕೊಡುವುದು ಮಾತ್ರ ಶಿಫಾರಸು. ಅದರ ಮೇಲೆ ಏನು ಮಾಡಿದೆವು, ಒಪ್ಪದಿದ್ದರೆ ಯಾಕೆ ಎಂದು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು. ಇದನ್ನು ಇದ್ದ ಹಾಗೇ ಬರೆಯಿರಿ, ಆಯುಕ್ತರ ಆದೇಶವೇ ಕೊನೆ ಎಂಬಂತೆ ಬರೆಯಬೇಡಿ.

ವಕೀಲರು ಬೇಕಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರು, ಮಕ್ಕಳು, ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100. ಈ ಸಂಖ್ಯೆ ಎಲ್ಲ ಪುಟದ ಕೆಳಗೂ ಇರಲಿ. ಖಾಸಗಿ ವಕೀಲರ ಪಟ್ಟಿ, ಅದಕ್ಕೆ ಚುಕ್ಕಿ ಕೊಟ್ಟು ಶಿಫಾರಸು ಎಲ್ಲ ಬೇಡ. ವಕೀಲರು ಜಾಹೀರಾತು ಮಾಡುವಂತಿಲ್ಲ, ಅವರಿಗೂ ನಿಮಗೂ ಇರುಸುಮುರುಸು.

92ನೇ ಕಲಮಿನ ಬಗ್ಗೆ ಒಂದು ಮಾತು. ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎನ್ನುವುದು ಅಲ್ಲಿದೆ. ಗುಂಪಿನಲ್ಲಿ ಯಾರಾದರೂ ಅದನ್ನೇ ಮುಖಪುಟಕ್ಕೆ ದಪ್ಪಕ್ಷರದಲ್ಲಿ ಹಾಕೋಣ ಎನ್ನುತ್ತಾರೆ, ನೋಡುತ್ತಿರಿ. ಬೇಡ ಎನ್ನಿ. ಮಗು ನಾಳೆ ಬೆಳಿಗ್ಗೆ ಅದೇ ಟೀಚರ ಮುಂದೆ ಹೋಗಿ ಕೂರಬೇಕು. ಆ ಪುಟ ಇರಲಿ, ಒಳಗಿರಲಿ.

ಭಾಷೆಯ ವಿಷಯ. ಇಲಾಖೆ “ವಿಕಲಚೇತನ” ಎನ್ನುತ್ತದೆ, ಜನ ಹುಡುಕುವುದು “ಅಂಗವಿಕಲ ಪಿಂಚಣಿ” ಎಂದು. ಬರಹದಲ್ಲಿ ನಿಮ್ಮ ಮಕ್ಕಳಿಗೆ ಒಪ್ಪುವ ಪದ ಬಳಸಿ, ಹಳೆಯ ಪದವೂ ಪುಟದಲ್ಲೆಲ್ಲೋ ಒಂದು ಕಡೆ ಇರಲಿ, ಇಲ್ಲದಿದ್ದರೆ ಹುಡುಕಿದವರಿಗೆ ಪುಟ ಸಿಗುವುದೇ ಇಲ್ಲ. ಸುತ್ತೋಲೆಗಳನ್ನು ಫೋಟೊ ಹೊಡೆದು ಹಾಕಬೇಡಿ. ಸ್ಕ್ಯಾನ್ ಮಾಡಿದ ಪ್ರತಿಯನ್ನೂ ಹಳೇ ನುಡಿ ಫಾಂಟಿನ ಕಡತವನ್ನೂ ಕಣ್ಣು ಕಾಣದ ತಂದೆಯ ಮೊಬೈಲು ಸರಿಯಾಗಿ ಓದಿ ಹೇಳಲಾರದು. ಯೂನಿಕೋಡಿನಲ್ಲಿ ಟೈಪ್ ಮಾಡಿ ಹಾಕಿ. ಓದು ಬಾರದವರಿಗೆ ಪ್ರತಿ ಪುಟಕ್ಕೂ ಎರಡು ನಿಮಿಷದ ಧ್ವನಿ ಕಡತ ಮಾಡಿ, ನಿಮ್ಮದೇ ಸಾಗರದ ಕನ್ನಡದಲ್ಲಿ. ವಾಟ್ಸ್‌ಆ್ಯಪಿನಲ್ಲಿ ಹೆಚ್ಚು ಓಡಾಡುವುದು ಅದೇ.

ಇನ್ನು, ಅರ್ಜಿ ತುಂಬಿಕೊಡುತ್ತೇವೆ ಎಂದು ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಆಧಾರ್, ವೈದ್ಯರ ವರದಿಗಳನ್ನು ತಾಣದಲ್ಲಿ ಸಂಗ್ರಹಿಸಲು ಹೋಗಬೇಡಿ. 18 ತುಂಬದವರ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪೋಷಕರ ಖಚಿತ ಒಪ್ಪಿಗೆ ಕೇಳುತ್ತದೆ. ಗೆದ್ದ ಕತೆಗಳನ್ನು ಬರೆಯುವಾಗಲೂ ಮಗುವಿನ ಹೆಸರು, ಫೋಟೊ, ಶಾಲೆ ಬೇಡ. ಇಂದು ನೀವು ಪ್ರೀತಿಯಿಂದ ಹಾಕಿದ್ದನ್ನು ಆ ಮಗು ಇಪ್ಪತ್ತನೇ ವಯಸ್ಸಿಗೆ ಓದುತ್ತದೆ.

ಪ್ರಶ್ನೆ: ಮಗಳಿಗೆ ಬೌದ್ಧಿಕ ವಿಕಲತೆ ಇದೆ, ಮುಂದಿನ ವರ್ಷ 18 ತುಂಬುತ್ತದೆ. ಆಮೇಲೂ ನಾನೇ ತಂದೆಯಲ್ಲವೇ, ಬ್ಯಾಂಕಿನವರು ಗಾರ್ಡಿಯನ್ ಪತ್ರ ಯಾಕೆ ಕೇಳುತ್ತಾರೆ? ಇಂಥ ವಿಷಯ ಎಲ್ಲೂ ಕನ್ನಡದಲ್ಲಿ ಸಿಗುವುದಿಲ್ಲ.
ಒಬ್ಬ ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಮೇಷ್ಟ್ರೇ, 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅವಳು ವಯಸ್ಕಳು, ಸಹಿ ಅವಳದೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು (ಗಾರ್ಡಿಯನ್) ನೇಮಿಸುವ ಅಧಿಕಾರ ಸ್ಥಳೀಯ ಮಟ್ಟದ ಸಮಿತಿಗಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಅದರಲ್ಲಿರುತ್ತಾರೆ. ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ಆದರೆ ಪೋಷಕತ್ವ ಬೇಕೇ, ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ಕೇಳುತ್ತದೆ. ನೀವೂ ಮೊದಲು ಮನೆಯಲ್ಲಿ ಕೇಳಿಕೊಳ್ಳಿ. 2016ರ ಕಾಯ್ದೆಯ 14ನೇ ಕಲಮು ಹೇಳುವ ಸೀಮಿತ ಪೋಷಕತ್ವದಲ್ಲಿ ತೀರ್ಮಾನ ಇಬ್ಬರದೂ ಸೇರಿ ಆಗಬೇಕು. ಸಾಗರದ ತಾಯಂದಿರ ತಾಣದಲ್ಲಿ ಇದಕ್ಕೊಂದು ಪುಟ ಬಂದರೆ ಹೆಸರು “ಹದಿನೇಳಕ್ಕೆ ಮಾಡಬೇಕಾದ ಕೆಲಸ” ಎಂದಿರಲಿ. ಹದಿನೆಂಟು ದಾಟಿ ಖಾತೆ ಸ್ಥಗಿತವಾದ ಮೇಲೆಯೇ ಎಲ್ಲರೂ ಬರುವುದು.

ಪ್ರಶ್ನೆ: ನಮ್ಮದೂ ಇಂಥದೇ ತಾಣ, ಸಣ್ಣದು. ನ್ಯೂಜೆರ್ಸಿಯಲ್ಲಿರುವ ಅಣ್ಣ ಖರ್ಚು ತಾನು ಕೊಡುತ್ತೇನೆ ಎನ್ನುತ್ತಾನೆ. ಟ್ರಸ್ಟ್ ಮಾಡಿಕೊಳ್ಳಬೇಕೇ?
ಓದುಗರು, ಮೈಸೂರು

ಉತ್ತರ: ಮಾಹಿತಿ ಪ್ರಕಟಿಸಲು ಟ್ರಸ್ಟ್ ಬೇಕಿಲ್ಲ, ಮಂದಿಯಿಂದ ಹಣ ಎತ್ತುವುದಾದರೆ ಇರುವುದು ಒಳ್ಳೆಯದು. ಅಣ್ಣನ ಪಾಸ್‌ಪೋರ್ಟು ಯಾವ ದೇಶದ್ದೆಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟೇ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರರಾಗಿದ್ದರೆ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡಿದ್ದರೂ, ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ತಾಣದ ಕೆಲಸಕ್ಕೆ ಪಡೆಯುವಂತಿಲ್ಲ. ಅಂಥ ಸಂದರ್ಭದಲ್ಲಿ ಹಣ ಬೇಡ, ಭಾನುವಾರದ ಎರಡು ಗಂಟೆ ಕೊಡು ಎನ್ನಿ. ಸುತ್ತೋಲೆಗಳನ್ನು ಯೂನಿಕೋಡಿಗೆ ಟೈಪ್ ಮಾಡುವ ಕೆಲಸ ರಾಶಿ ಬಿದ್ದಿರುತ್ತದೆ, ಅದನ್ನು ನ್ಯೂಜೆರ್ಸಿಯಲ್ಲೇ ಕೂತು ಮಾಡಬಹುದು.